ಖಾಸಿಂಬಿ ಅಂಚು

ಖಾಸಿಂಬಿ ತೀರಿಕೊಂಡ ಹದಿನೈದನೆಯ ದಿನ ನವಲಗುಂದದಲ್ಲಿ ಅವಳಿಗಾಗಿ ಒಂದು ಸಭೆ ಮಾಡಿದರು. ಅವಳು ಎಂದೂ ಫೋಟೊ ತೆಗೆಸಿಕೊಂಡವಳಲ್ಲ. ಅದಕ್ಕೆ ಅವಳು ನೇಯ್ದ ಒಂದು ಜಮಖಾನವನ್ನೇ ಗೋಡೆಗೆ ತೂಗುಹಾಕಿ, ಅದಕ್ಕೇ ಹಾರ ಹಾಕಿದ್ದರು. ಮಾತಾಡಿದವರೆಲ್ಲ ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಹೇಳಿದರು. ಕಷ್ಟವೇ ಅವಳನ್ನು ದೊಡ್ಡ ಕಲಾವಿದೆಯನ್ನಾಗಿ ಮಾಡಿತಂತೆ. ಕಡೆಗೆ ಅವಳ ಅಣ್ಣ ಇಮಾಮುದ್ದೀನ ಎದ್ದು ನಿಂತು, ಕಣ್ಣೊರೆಸಿಕೊಂಡು, "ನಮ್ಮ ತಂಗಿ ಭಾಳ ತ್ರಾಸ ಪಟ್ಟು ಮ್ಯಾಲ ಬಂದ್ಲರಿ" ಎಂದ. ನಾನು ಎದ್ದು ಹೊರಗೆ ಬಂದೆ.

ತ್ರಾಸು ತಾನಾಗಿ ಬರಲಿಲ್ಲ. ಅದನ್ನು ಕೊಟ್ಟವರಿದ್ದರು. ಅವರ ಹೆಸರು ನನಗೆ ಗೊತ್ತು, ಓಣಿ ಗೊತ್ತು, ಯಾವ ವರ್ಷ ಯಾರು ಏನು ಮಾಡಿದರು ಎಂಬುದೂ ಗೊತ್ತು. ಆ ಹೆಸರುಗಳಲ್ಲಿ ನನ್ನದೂ ಒಂದಿದೆ. ಮೂವತ್ತಾರಕ್ಕೇ ಕಾಮಾಲೆಯಿಂದ ಹೋದ ಗೆಳತಿಯ ಬಗ್ಗೆ ಸಭೆಯಲ್ಲಿ ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತೇನೆ.

ನಾನು ಮಲ್ಲಕ್ಕ, ಇದೇ ಊರಲ್ಲಿ ಮಕ್ಕಳಿಗೆ ಪಾಠ ಹೇಳುವವಳು. ಖಾಸಿಂಬಿಯೂ ನಾನೂ ನಾಲ್ಕನೇ ಇಯತ್ತೆಯವರೆಗೆ ಪಕ್ಕಪಕ್ಕದಲ್ಲಿ ಕೂತವರು. ಅವಳದು ಜಮಖಾನ ನೇಯುವ ಮನೆತನ. ನೇಯುವವರು ಹೆಂಗಸರು, ಎತ್ತರದ ಮಗ್ಗದ ಮುಂದೆ ಇಬ್ಬಿಬ್ಬರು ಕೂತು ಎಳೆ ಎಣಿಸಿ ಬಣ್ಣ ಕೂರಿಸುತ್ತಾರೆ. ನಡುವಿನ ನವಿಲು, ಪಗಡೆ ಹಾಸು ಎಲ್ಲ ಮನೆಗಳಲ್ಲೂ ಹೆಚ್ಚು ಕಡಿಮೆ ಒಂದೇ. ಎರಡೂ ಬದಿಯ ಅಂಚು ಮಾತ್ರ ಮನೆಗೊಂದು. ಅಂಚು ನೋಡಿಯೇ ಇದು ಇಂಥವರ ಮನೆಯದು ಎಂದು ಹೇಳುತ್ತಾರೆ. ಆ ಮನೆತನಗಳಲ್ಲಿ ಒಂದು ಕಟ್ಟು ಇದೆ: ಕೆಲಸವನ್ನು ಸೊಸೆಗೆ ಕಲಿಸಬೇಕು, ಮಗಳಿಗೆ ಕಲಿಸಬಾರದು. ಮಗಳು ಬೇರೆ ಮನೆಗೆ ಹೋಗುವವಳು, ಹೋಗುವಾಗ ಕಸುಬನ್ನೂ ಕಟ್ಟಿಕೊಂಡು ಹೋಗುತ್ತಾಳೆ ಎಂಬ ಭಯ. ಹಾಗಾಗಿ ಮಗಳಾದವಳು ಮಗ್ಗದ ಹಿಂದೆ ಕೂತು ನೂಲು ಸುತ್ತಿಕೊಡಬೇಕು, ಅಷ್ಟೇ.

ಖಾಸಿಂಬಿ ಆರನೇ ವಯಸ್ಸಿನಿಂದ ಹಿಂದೆ ಕೂತಳು. ಮುಂದೆ ಕೂತವರು ಮಾಡುವುದನ್ನೆಲ್ಲ ಎಳೆಗಳ ಸಂದಿಯಿಂದ ನೋಡಿದಳು. ಹದಿನೇಳಕ್ಕೆ ಅವಳನ್ನು ಮಿಶ್ರಿಕೋಟಿಗೆ ಕೊಟ್ಟರು. ಅಲ್ಲಿ ಭತ್ತದ ಗದ್ದೆಯಲ್ಲಿ ಹತ್ತು ವರ್ಷ ದುಡಿಸಿಕೊಂಡು, ಮಕ್ಕಳಾಗಲಿಲ್ಲ ಎಂದು ೧೯೭೦ರಲ್ಲಿ ಬಸ್ಸಿಗೆ ಹತ್ತಿಸಿ ಕಳಿಸಿದರು. ತವರಿಗೆ ಬಂದ ಮರುದಿನವೇ ತಾಯಿ ರಜಿಯಾಬಿ ಮತ್ತೆ ಮಗ್ಗದ ಹಿಂದಿನ ಜಾಗ ತೋರಿಸಿದಳು.

ಅಷ್ಟರಲ್ಲಿ ಇಮಾಮುದ್ದೀನನ ಮದುವೆಯಾಗಿ ಬಾಷಾಬಿ ಎಂಬ ಸೊಸೆ ಬಂದಿದ್ದಳು. ಒಳ್ಳೆಯ ಹೆಂಗಸು, ಮಗ್ಗ ಮಾತ್ರ ಅವಳಿಗೆ ಬೇಡದ ವಸ್ತು. ರಜಿಯಾಬಿ ವರ್ಷಗಟ್ಟಲೆ ಅವಳಿಗೆ ಕಲಿಸಿದಳು, ಬೈದಳು, ನೇಯ್ದದ್ದನ್ನು ಬಿಚ್ಚಿಸಿದಳು. ೧೯೭೨ರ ಬೇಸಿಗೆಯಲ್ಲಿ ಒಂದು ದಿನ ರಜಿಯಾಬಿ ಯಮನೂರಿನ ದರ್ಗಾಕ್ಕೆ ಹೋಗಿದ್ದಾಗ ಖಾಸಿಂಬಿ ಮುಂದೆ ಬಂದು ಕೂತು, ಒಂದು ಗೇಣು ನೇಯ್ದಳು. ಸಂಜೆ ರಜಿಯಾಬಿ ಬರುವ ಹೊತ್ತಿಗೆ ನಾನೂ ಅಲ್ಲಿದ್ದೆ.

"ಯಾರ್ನ ಕೇಳಿ ಕುಂತಿ?"

"ಭಾಬಿ ಮೂರ ಸಲ ಬಿಚ್ಚಿದ್ಲಮ್ಮಾ. ನೋಡಲಾರದ ಕುಂತೆ."

ಒಳಗಿನಿಂದ ಬಾಷಾಬಿ ಕೂಗಿದಳು: "ಆಕಿಗೇ ಕೊಡ್ರಲಾ ಅತ್ತಿ! ನಾ ನವಿಲ ಹಾಕಿದ್ರ ಅದು ಕೋಳಿ ಆಗಿ ಕುಂದರತೈತಿ."

"ನೀ ಸುಮ್ಕಿರ" ಎಂದ ರಜಿಯಾಬಿ ಮಗಳ ಕಡೆ ತಿರುಗಿದಳು. "ನೀ ಈ ಮನಿಗೆ ಬಂದಾಕಿ ಅಲ್ಲ, ಈ ಮನಿಯಿಂದ ಹೋದಾಕಿ."

"ಹೋದಾಕಿನ್ನ ಅವರು ಹೊಳ್ಳಿ ಕಳಿಸ್ಯಾರಲ್ಲ?"

"ಅವರಿಗೆ ಬ್ಯಾಡಾದಾಕಿ ನನ್ನ ಮಗ್ಗಕ್ಕ ಯಾಕ ಬೇಕು?"

ಹಾಗೆ ಅಂದು, ಓಣಿಯ ಹೆಂಗಸರು ಬಾಗಿಲಲ್ಲಿ ನಿಂತು ನೋಡುತ್ತಿರುವಾಗಲೇ ಆ ಒಂದು ಗೇಣನ್ನು ಸಾಲು ಸಾಲಾಗಿ ಬಿಚ್ಚಿ ಎಳೆದಳು. ಅದರಲ್ಲಿ ತಪ್ಪೇನಿರಲಿಲ್ಲ. ಬಾಷಾಬಿಯದನ್ನು ಬಿಚ್ಚುವಾಗ ತಪ್ಪು ತೋರಿಸಿ ಬಿಚ್ಚುತ್ತಿದ್ದಳು, ಇದನ್ನು ಏನೂ ತೋರಿಸದೆ ಬಿಚ್ಚಿದಳು. ಹೊರಗೆ ಬಂದ ಮೇಲೆ ನಾನು ಖಾಸಿಂಬಿಗೆ ಹೇಳಿದ್ದು ಇಷ್ಟು: "ಉಣ್ಣಾಕ ಹಾಕ್ತಾರಲ್ಲ, ತಡ್ಕೊ." ಓದು ಬರಹ ಬಲ್ಲ ಗೆಳತಿ ಕೊಟ್ಟ ಬುದ್ಧಿ ಅದು. ಆರು ತಿಂಗಳು ಅವಳು ನನ್ನ ಜೊತೆ ಮಾತಾಡಲಿಲ್ಲ.

೧೯೭೪ರಲ್ಲಿ ಅವಳು ತವರು ಬಿಟ್ಟಳು. ಅದೇ ಓಣಿಯಲ್ಲಿ ದೂರದ ಸಂಬಂಧದ ಒಬ್ಬ ಮುದುಕಿಯ ಜೊತೆ ಮಲಗಲು ಜಾಗ ಸಿಕ್ಕಿತು, ಮಗ್ಗ ಹೂಡಲು ಸಿಗಲಿಲ್ಲ. ನಮ್ಮ ಮನೆಯ ಹಿತ್ತಲಲ್ಲಿ ಎತ್ತು ಮಾರಿದ ಮೇಲೆ ಖಾಲಿ ಬಿದ್ದ ಕೊಟ್ಟಿಗೆಯೊಂದಿತ್ತು. ನಮ್ಮಪ್ಪ ಈರಬಸಪ್ಪನನ್ನು ಕೇಳಿದೆ.

"ಸಾಬರ ಮಗ್ಗ ನಮ್ಮ ಮನ್ಯಾಗ ಹೂಡಸ್ತಿ? ನಾಳೆ ಮಠದಾಗ ನನಗ ಯಾರು ಬಾಜು ಕುಂದರಸ್ಕೋತಾರ?"

"ಕೊಟ್ಟಿಗ್ಯಾಗಪಾ, ಪಡಸಾಲ್ಯಾಗಲ್ಲ."

"ಹಂಗಾರ ಹಿತ್ತಲ ಬಾಗಲದಿಂದ ಬರ್ಲಿ, ಹಿತ್ತಲ ಬಾಗಲದಿಂದ ಹೋಗ್ಲಿ."

ನಾನು ಒಪ್ಪಿಕೊಂಡೆ. ಎರಡು ವರ್ಷ ನನ್ನ ಗೆಳತಿ ನಮ್ಮ ಮನೆಗೆ ತಿಪ್ಪೆಯ ಪಕ್ಕದ ದಾರಿಯಿಂದ ಬಂದು ಹೋದಳು. ಒಮ್ಮೆಯೂ ಅದರ ಬಗ್ಗೆ ನಾನು ಅಪ್ಪನಿಗೆ ಎದುರಾಡಲಿಲ್ಲ.

ಬಡಿಗ ಹುಚ್ಚಪ್ಪ ಹಳೆಯ ಚಕ್ಕಡಿಯ ಮರದಿಂದ ಮಗ್ಗ ಮಾಡಿಕೊಟ್ಟ. ಸುದ್ದಿ ತಿಳಿದ ಇಮಾಮುದ್ದೀನ ಊರಿನಲ್ಲಿ ನೂಲು ಮಾರುವವರಿಗೆಲ್ಲ ಹೇಳಿ ಬಂದ, ಅವಳಿಗೆ ಕೊಟ್ಟರೆ ನಾವು ನಿಮ್ಮಲ್ಲಿ ಕೊಳ್ಳುವುದಿಲ್ಲ ಎಂದು. ಅವಳು ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ನೂಲು ತಂದಳು. ನವಿಲು ಮನೆತನಗಳ ಸ್ವತ್ತು, ಅದನ್ನು ಹಾಕಲು ಅವಳಿಗೆ ಅಪ್ಪಣೆಯಿರಲಿಲ್ಲ. ಬರೀ ಪಟ್ಟೆಯ ಜಮಖಾನ ನೇಯ್ದಳು. ನೇಯ್ಗೆ ಎಷ್ಟು ಬಿಗಿಯಾಗಿತ್ತೆಂದರೆ ನೀರು ಚೆಲ್ಲಿದರೆ ಕೆಳಗಿಳಿಯುತ್ತಿರಲಿಲ್ಲ. ಆದರೆ ಊರಿನಲ್ಲಿ ಯಾರೂ ಕೊಳ್ಳಲಿಲ್ಲ. ಒಬ್ಬ ಗೌಡಸಾನಿ ಕೈಯಿಂದ ಸವರಿ ನೋಡಿ, "ಛಲೋ ಐತವ್ವಾ, ಆದ್ರ ಅಂಚಿಲ್ಲ. ಅಪ್ಪ ಇಲ್ಲದ ಕೂಸಿನಂಗ ಕಾಣತೈತಿ" ಎಂದು ನಗುತ್ತ ಹೋದಳು. ಖಾಸಿಂಬಿ ಅಣ್ಣಿಗೇರಿಯ ಸಂತೆಯಲ್ಲಿ ಅವನ್ನು ಚೀಲದ ಜೊತೆ, ಹಗ್ಗದ ಜೊತೆ ಇಟ್ಟು ಮಾರಿದಳು.

ಅವಳಿಗೆ ಬೇಕಾದದ್ದು ಹೊಟ್ಟೆಪಾಡಲ್ಲ, ಅದನ್ನು ಅವಳು ಹೇಗಾದರೂ ಮಾಡುತ್ತಿದ್ದಳು. ನವಿಲು ನೇಯಬೇಕು, ಅದು ತನ್ನದು ಎಂದು ನಾಲ್ಕು ಜನರ ಎದುರಿಗೆ ಹೇಳಬೇಕು. ಅಷ್ಟು ಬೇಕಾಗಿತ್ತು ಅವಳಿಗೆ.

೧೯೭೬ರಲ್ಲಿ ಧಾರವಾಡದಲ್ಲಿ ಕೈಮಗ್ಗದ ಪ್ರದರ್ಶನ ಇಡುತ್ತಾರೆಂದೂ ನವಲಗುಂದದ ಪ್ರತಿ ಮನೆಯಿಂದ ಒಂದು ನವಿಲಿನ ಜಮಖಾನ ಬರಬೇಕೆಂದೂ ಹೇಳಿಕಳಿಸಿದರು. ನೇಯ್ದವರ ಹೆಸರಿನ ಚೀಟಿಯನ್ನು ಅದಕ್ಕೆ ಹೊಲಿದು ಕೊಡಬೇಕಿತ್ತು. ಬಾಷಾಬಿ ಆ ವರ್ಷ ಗಂಡನ ಜೊತೆ ಜಗಳಾಡಿ ತವರಿಗೆ ಹೋದವಳು ತಿರುಗಿ ಬಂದಿರಲಿಲ್ಲ. ರಜಿಯಾಬಿಗೆ ಕಣ್ಣು ಮಂಜಾಗಿತ್ತು, ಕೈ ನಡುಗುತ್ತಿತ್ತು. ಒಂದು ಬೆಳಿಗ್ಗೆ ಅವಳು ಕೋಲೂರಿಕೊಂಡು ನಮ್ಮ ಕೊಟ್ಟಿಗೆಗೆ ಬಂದಳು. ಮಗಳು ಮೂರು ಮೊಳ ದೂರದಲ್ಲಿ ಕೂತಿದ್ದರೂ ನನ್ನನ್ನು ನೋಡಿ ಮಾತಾಡಿದಳು.

"ಅಕ್ಕೋರ, ಆಕಿಗೆ ಒಂದ ಮಾತ ಹೇಳ್ರಿ."

"ಇಲ್ಲೇ ಅದಾಳಲ್ರಿ, ನೀವs ಹೇಳ್ರಿ."

"ಆಕಿ ಜೋಡಿ ನಾ ಮಾತ ಬಿಟ್ಟೇನಿ. ಪ್ರದರ್ಶನಕ್ಕ ನವಿಲ ನೇಯಬೇಕಂತ ಹೇಳ್ರಿ. ನಾ ಬ್ಯಾಡನ್ನೂದಿಲ್ಲ."

ಖಾಸಿಂಬಿ ಮಗ್ಗದಿಂದ ಕಣ್ಣು ತೆಗೆಯದೆ, "ಚೀಟಿ ಮ್ಯಾಲ ಯಾರ ಹೆಸರಂತ ಕೇಳ ಬೇ" ಎಂದು ನನಗೇ ಹೇಳಿದಳು.

"ಅಂಚು ಹಾಕಿದಾಕಿ ಹೆಸರ. ಅಂಚು ನಾ ಹಾಕತೇನಿ. ಎರಡೂ ಕಡೆ ಹದಿನಾಲ್ಕ ಎಳಿ ಬಿಟ್ಟು ನಡಕಿಂದು ಆಕಿ ನೇಯಲಿ. ನಾ ಅಂಚು ಹಾಕೂ ಹೊತ್ತಿನಾಗ ಆಕಿ ಇಲ್ಲಿ ಇರಬಾರದು."

ಮುಖಕ್ಕೆ ಹೊಡೆದಂತಿತ್ತು. ಖಾಸಿಂಬಿ ಒಪ್ಪಿಕೊಂಡಳು. ಯಾರ ಹೆಸರಿನಲ್ಲಾದರೂ ಸರಿ, ಒಮ್ಮೆ ನವಿಲು ನೇಯಬೇಕು ಎಂಬ ಹಸಿವು ಅವಳಿಗೆ ಅಷ್ಟಿತ್ತು. ನಾಲ್ಕು ದಿನದಲ್ಲಿ ಒಂದು ಗೇಣು ಏರಿಸಿದಳು. ನವಿಲುಗಳು ಕತ್ತೆತ್ತಿ ನಿಂತವು. ಎರಡೂ ಬದಿಗೆ ಬರೀ ಬಿಳಿ ಎಳೆಗಳು ಬತ್ತಲೆಯಾಗಿ ನಿಂತಿದ್ದವು.

ರಜಿಯಾಬಿ ಬಂದಳು. ಖಾಸಿಂಬಿ ಎದ್ದು ತಿಪ್ಪೆಯ ಕಡೆ ಹೋಗಿ ನಿಂತಳು. ನಾನು ಕಸುಬಿನವಳಲ್ಲವಾದ್ದರಿಂದ ನನಗೆ ಇರಲು ಅಪ್ಪಣೆಯಿತ್ತು. ಮುದುಕಿ ಕೆಂಪು ನೂಲು ತೆಗೆದು ಮೂರು ಎಳೆ ದಾಟಿಸಿದಳು, ನಾಲ್ಕನೆಯದಕ್ಕೆ ಕೈ ನಡುಗಿ ಎರಡೆರಡು ಎಳೆ ಒಟ್ಟಿಗೆ ಸಿಕ್ಕವು. ಬಿಚ್ಚಿದಳು. ಮತ್ತೆ ದಾಟಿಸಿದಳು, ಮತ್ತೆ ಬಿಚ್ಚಿದಳು. ಮಧ್ಯಾಹ್ನದವರೆಗೆ ಒಂದು ಬೆರಳಗಲವೂ ಆಗಲಿಲ್ಲ. ಆದ ಅಷ್ಟನ್ನೂ ತಾನೇ ಕಿತ್ತು, "ಈಕಿ ಎಳಿ ಬಿಗಿ ಕಟ್ಟ್ಯಾಳ, ಬೇಕಂತs ಕಟ್ಟ್ಯಾಳ" ಎಂದು ಬೈಯುತ್ತ ಹೋದಳು. ಒಂಬತ್ತು ದಿನ ತಿರುಗಿ ಬರಲಿಲ್ಲ.

ದಿನ ಕಡಿಮೆಯಾಗುತ್ತಿದ್ದವು. ನಾನೇ ಖಾಸಿಂಬಿಗೆ ಹೇಳಿದೆ: "ನಮ್ಮಜ್ಜಿ ಮದಿವ್ಯಾಗಿನ ಜಮಖಾನ ಒಳಗೈತಿ. ನಿಮ್ಮ ಮನೀದs ಅಂಚು. ಎಣಿಸಿ ಹಾಕು, ಯಾರಿಗೆ ಗೊತ್ತಾಗತೈತಿ?"

"ಎಣಸೂದು ಯಾಕ ಬೇ? ಕಣ್ಣ ಮುಚ್ಚಿ ಹಾಕತೇನಿ ನಾ. ಹಾಕಿದ್ರ ಕದ್ದಾಳ ಅಂತಾರ, ಹಾಕದಿದ್ರ ಬರೂದಿಲ್ಲ ಅಂತಾರ."

"ಮತ್ತೇನ ಮಾಡ್ತಿ?"

ಅವಳು ಕಪ್ಪು ನೂಲು ತೆಗೆದಳು. ಇಲ್ಲಿಯ ಯಾವ ಮನೆಯವರೂ ಅಂಚಿಗೆ ಕಪ್ಪು ಹಾಕುವುದಿಲ್ಲ. ಹದಿನಾಲ್ಕೂ ಎಳೆಗೆ ಕಪ್ಪು ತುಂಬಿ, ಅದರ ನಡುವೆ ತೆಳ್ಳಗಿನ ಹಳದಿ ಗೆರೆಯೊಂದನ್ನು ಸೊಟ್ಟ ಸೊಟ್ಟಗೆ ಹತ್ತಿಸುತ್ತ ಹೋದಳು. ಒಂದು ಕಡೆ ಕವಲೊಡೆಯಿತು, ಇನ್ನೊಂದು ಕಡೆ ಸೇರಿತು. ಸ್ವಲ್ಪ ಹೊತ್ತು ನೋಡಿದ ಮೇಲೆ ನನಗೆ ತಿಳಿಯಿತು, ಅದು ಬೇಸಿಗೆಯಲ್ಲಿ ಬಿರಿದ ನಮ್ಮ ಕಪ್ಪು ಮಣ್ಣಿನ ಎರಿಹೊಲ.

"ಮಂದಿ ಹೂವು ಹಾಕ್ತಾರ. ನೀ ಬಿರುಕ ಹಾಕಾಕತ್ತಿ."

"ಹೂವಿಗೆಲ್ಲ ಅವರು ಕಾವಲ ಕುಂತಾರ. ಬಿರುಕಿಗೆ ಯಾರೂ ಕಾವಲ ಕುಂತಿಲ್ಲ."

ಅಲ್ಲಿಂದ ಹದಿನೇಳು ದಿನದಲ್ಲಿ ಮುಗಿಯಿತು. ಮಗ್ಗದಿಂದ ಇಳಿಸುವ ಮೊದಲೇ ಸುದ್ದಿ ಹೋಗಿ, ರಜಿಯಾಬಿಯನ್ನು ಕರೆದುಕೊಂಡು ಇಮಾಮುದ್ದೀನ ಬಂದ. ಕೈಯಲ್ಲಿ ನೂಲು ಕತ್ತರಿಸುವ ದೊಡ್ಡ ಕತ್ತರಿ ಇತ್ತು.

"ನೋಡಮ್ಮಾ, ಕರೇ ಅಂಚು! ಸೂತಕದ ಮನಿ ಆತು. ನವಿಲ ನಮ್ಮದು, ಹಿಂಗ ಕೆಡಿಸಿದ್ದನ್ನ ಮಂದಿ ಮುಂದ ಇಡಾಕ ಬಿಡೂದಿಲ್ಲ. ಕೊಯ್ದ ಒಗೀತೇನಿ."

ಖಾಸಿಂಬಿ ಮಗ್ಗಕ್ಕೆ ಬೆನ್ನು ಕೊಟ್ಟು ನಿಂತಳು. "ಮೊದಲ ನನ್ನ ಕೊಯ್ಯಿ ಭಾಯ್" ಎಂದಳು. ಕೂಗಿ ಹೇಳಲಿಲ್ಲ. ನಾನು ಹೋಗಿ ಅವಳ ಬಾಜು ನಿಂತೆ. ಅಷ್ಟು ವರ್ಷಗಳಲ್ಲಿ ನಾನು ಹಾಗೆ ನಿಂತದ್ದು ಅದೇ ಮೊದಲು.

"ಸರೀರಿ" ಎಂದು ರಜಿಯಾಬಿ ನಮ್ಮಿಬ್ಬರನ್ನೂ ಕೋಲಿನಿಂದ ಬದಿಗೆ ತಳ್ಳಿದಳು. ಕಣ್ಣು ಸರಿಯಾಗಿ ಕಾಣದಿದ್ದರಿಂದ ಮಗ್ಗದ ಹತ್ತಿರ ಕುಕ್ಕರಿಸಿ, ಅಂಚಿನ ಮೇಲೆ ಉಗುರು ಓಡಿಸಿದಳು. ತುಟಿ ಅಲುಗುತ್ತಿದ್ದವು, ಎಣಿಸುತ್ತಿದ್ದಳು. ಕೆಳಗಿನಿಂದ ಮೇಲಕ್ಕೆ, ಕೈಗೆ ಎಟುಕುವವರೆಗೆ ಎಣಿಸಿದಳು. ಆಮೇಲೆ ಇನ್ನೊಂದು ಬದಿ. ಒಂದು ಕಡೆ ನಿಂತು, ಹಿಂದೆ ಬಂದು, ಮತ್ತೆ ಎಣಿಸಿದಳು. ತಪ್ಪು ಹುಡುಕುತ್ತಿದ್ದಳು. ಸಿಗಲಿಲ್ಲ.

"ಇದು ನಮ್ಮದಲ್ಲ" ಎಂದಳು.

"ಅದನ್ನs ನಾ ಹೇಳಾಕತ್ತಿದ್ದು" ಎಂದು ಇಮಾಮುದ್ದೀನ ಕತ್ತರಿ ತೆರೆದ.

"ನಮ್ಮದಲ್ಲ ಅಂದ ಮ್ಯಾಲ ಕೊಯ್ಯಾಕ ನೀ ಯಾವನೋ? ಇಡ ಅದನ್ನ ಕಿಸೆದಾಗ." ಕೋಲು ಹಿಡಿದು ಎದ್ದು ನನ್ನ ಕಡೆ ನೋಡಿದಳು. "ಅಕ್ಕೋರ, ಆಕಿಗೆ ಹೇಳ್ರಿ, ಚೀಟಿ ಮ್ಯಾಲ ನಮ್ಮ ಮನಿ ಹೆಸರ ಬರಬಾರದು. ಬಂದ್ರ ನಾ ಸುಮ್ಮ ಇರಾಕಿ ಅಲ್ಲ."

"ಬರೂದಿಲ್ಲಂತ ಹೇಳ ಬೇ ಅಮ್ಮಾಗ" ಎಂದಳು ಖಾಸಿಂಬಿ.

ಮುದುಕಿ ಹೊರಟುಹೋದಳು. ಮೆಚ್ಚಿ ಹೋದಳೆಂದು ಸಭೆಯಲ್ಲಿ ಒಬ್ಬರು ಹೇಳಿದರು, ಅದು ಸುಳ್ಳು. ಆಮೇಲೆ ಮೂರು ವರ್ಷದಲ್ಲಿ ಅವಳು ಮಗಳ ಹೊಸ್ತಿಲು ತುಳಿಯಲಿಲ್ಲ, ಮಗಳು ಹಾಸಿಗೆ ಹಿಡಿದಾಗಲೂ ಬರಲಿಲ್ಲ. ಧಾರವಾಡದಲ್ಲಿ ಜಮಖಾನವನ್ನು ನೋಡಿದವರು ಚೀಟಿ ಓದಿ ಆ ಅಂಚಿಗೆ ಖಾಸಿಂಬಿ ಅಂಚು ಎಂದು ಹೆಸರಿಟ್ಟರು. ಈಗ ಅಂಗಡಿಗಳಲ್ಲಿ ಹೆಸರು ಹೇಳಿ ಕೇಳುತ್ತಾರೆ.

ಆದರೆ ಆ ದಿನ ಅವರು ಹೋದ ಮೇಲೆ ಖಾಸಿಂಬಿ ಮಾಡಿದ ಮೊದಲ ಕೆಲಸ ಬೇರೆ. ಚೀಟಿಯನ್ನು ಕೂಡ ಬರೆಸಿಕೊಳ್ಳದೆ, ನಮ್ಮ ಮನೆಯ ನಡುವಿನಿಂದ, ಪಡಸಾಲೆಯಲ್ಲಿ ಕೂತಿದ್ದ ಅಪ್ಪನ ಮುಂದಿನಿಂದಲೇ ಹಾದು ಓಣಿಗೆ ಹೋದಳು. ಅಪ್ಪ ಬಾಯಿ ತೆರೆದರು, ನಾನು ಅವರನ್ನು ನೋಡಿದೆ, ಮುಚ್ಚಿಕೊಂಡರು. ಖಾಸಿಂಬಿ ನೇಕಾರರ ಮನೆಯೊಂದರ ಮುಂದೆ ನಿಂತು ಶಮೀಮಾಬಿಯನ್ನು ಕರೆದಳು. ಹದಿನಾಲ್ಕು ವರ್ಷದ ಹುಡುಗಿ, ಆ ಮನೆಯ ಮಗಳು. ಅವಳ ತಾಯಿ ಬಾಗಿಲಿಗೆ ಅಡ್ಡ ನಿಂತಳು.

"ಮಗಳಿಗೆ ಕಲಸೂದಿಲ್ಲ ನಾವು. ಗೊತ್ತಿಲ್ಲೇನ ನಿನಗ?"

"ನಿಮ್ಮ ಅಂಚು ನೀವs ಇಟಗೊಳ್ರಿ. ನಾ ನಂದು ಕಲಸತೇನಿ. ನಮ್ಮಮ್ಮನs ಹೇಳ್ಯಾಳ, ಇದು ಅವರದಲ್ಲ."

"ನಾಳೆ ಮದಿವಿ ಆಗಿ ಯಾವ ಊರಿಗೆ ಹೋಗ್ತಾಳೋ ಏನೋ!"

"ಎಲ್ಲಿಗ್ಯಾರ ಹೋಗ್ಲಿ. ತಗೊಂಡ ಹೋಗ್ಲಿ" ಎಂದಳು ಖಾಸಿಂಬಿ.

ಆ ತಾಯಿ ಎಂಟು ದಿನ ಬೈದಳು, ಒಂಬತ್ತನೆಯ ದಿನ ಹುಡುಗಿ ಬಂದಳು. ಅವಳ ಹಿಂದೆ ಇನ್ನೂ ಹತ್ತು ಜನ ಬಂದರು, ಎಲ್ಲರೂ ಯಾರದೋ ಮನೆಯ ಹೆಣ್ಣುಮಕ್ಕಳು. ಶಮೀಮಾಬಿ ಕಳೆದ ವರ್ಷ ಕುಂದಗೋಳಕ್ಕೆ ಮದುವೆಯಾಗಿ ಹೋದಳು. ಅವಳ ಅತ್ತೆ ಮನೆಯಲ್ಲಿ ಮಗ್ಗ ಬೇಡವೆಂದಳಂತೆ. ಮಗ್ಗ ಈಗ ಅವರ ಪಡಸಾಲೆಯಲ್ಲಿದೆ.