ಅಕ್ಕ ಸವರಿದ ಹೈಡ್ರೇಂಜಿಯಾ

ಊರು ಬಿಟ್ಟು ಬಂದು ನಾನಿರುವ ಕಳವಾ ಥರದ ಸೆಕೆಯ ಜಾಗದಲ್ಲಿ ಹೈಡ್ರೇಂಜಿಯಾ ಬೆಳೆಸುವ ಆಸೆಯಿದ್ದರೆ, ಮೊದಲು ನಿಮ್ಮ ಗ್ಯಾಲರಿಗೆ, ಅಂದರೆ ಬಾಲ್ಕನಿಗೆ, ಬಿಸಿಲು ಯಾವ ಹೊತ್ತಿಗೆ ಬರುತ್ತದೆಂದು ನೋಡಿಕೊಳ್ಳಿ. ಬೆಳಗಿನದಾದರೆ ಸರಿ. ಮಧ್ಯಾಹ್ನದ್ದಾದರೆ ದುಡ್ಡು ದಂಡ. ನರ್ಸರಿಯವನು ಇದನ್ನು ಹೇಳುವುದಿಲ್ಲ, ಅವನಿಗೆ ಮಾರಬೇಕು. ನಾನೂ ಅರ್ಧ ಬೆಲೆಗೆ ಕೇಳಿ, ಹೊರಟುಹೋಗುವ ನಾಟಕವಾಡಿ, ಅವನೇ ಕರೆದ ಮೇಲೆ ಕೊಂಡವನು. ಗಿಡ ಹೆಂಡತಿಗೆ ಬೇಕಿತ್ತು. ಚೆಂಡಿನಂಥ ನೀಲಿ ಹೂವನ್ನು ಎರಡು ಬೇಸಗೆ ನೋಡಿದಳು. ಆಮೇಲೆ ನನ್ನನ್ನೂ ಮಗಳನ್ನೂ ಬಿಟ್ಟು ಹೋದಳು.

ಅವಳ ಉತ್ತರಕ್ರಿಯೆಯ ಬೊಜ್ಜಕ್ಕೆಂದು ಉಡುಪಿಯಿಂದ ಬಂದ ನನ್ನ ಅಕ್ಕ ಕೆಲವು ದಿನ ನಿಂತಳು. ಅವಳದು ಮಲ್ಲಿಗೆ ಬೆಳೆಯುವ ಮನೆ. ನಾನು ಹೋಟೆಲ್ ಕೆಲಸ ಮುಗಿಸಿ ಬರುವಷ್ಟರಲ್ಲಿ, ಮಲ್ಲಿಗೆಗೆ ಮಾಡುವ ಹಾಗೆ ಎಲೆ ಕಳೆದು ಗೆಲ್ಲುಗಳನ್ನೆಲ್ಲ ಸವರಿಬಿಟ್ಟಿದ್ದಳು.

“ಇದೆಂಥ ಮಾಡಿದ್ದು ಅಕ್ಕ?”

“ಹೂ ಬೇಕಲ್ಲ ಮಾರಾಯ? ಕತ್ತರಿ ತಾಗದೆ ಯಾವ ಗಿಡ ಹೂ ಬಿಡ್ತದೆ? ನಿಂಗೆ ಹೋಟೆಲ್ ಗೊತ್ತುಂಟು, ಗಿಡ ನಂಗೆ ಬಿಡು.”

ಹೈಡ್ರೇಂಜಿಯಾ ಹೂ ಬಿಡುವುದು ಹಳೆಯ ಗೆಲ್ಲಿನ ತುದಿಯಲ್ಲಿ. ಮೊಗ್ಗು ತಿಂಗಳುಗಟ್ಟಲೆ ಮೊದಲೇ ಒಳಗೆ ಕಟ್ಟಿರುತ್ತದೆ. ಆದ್ದರಿಂದ ಒಣಗಿದ ಹೂವನ್ನಷ್ಟೇ ತೆಗೆಯಿರಿ, ಗೆಲ್ಲು ಮುಟ್ಟಬೇಡಿ. ಹೆಂಡತಿ ಇದ್ದಾಗ ಕಟ್ಟಿದ ಮೊಗ್ಗುಗಳು ಅಷ್ಟರಲ್ಲಿ ಕಸದ ಕಚರಾಗಾಡಿಗೆ ಹೋಗಿ ಆಗಿತ್ತು.

ಬೇಸಗೆ ಬಂದರೂ ಹೂವಿಲ್ಲ. ಗ್ಯಾಲರಿಯಲ್ಲಿ ಹೆಂಡತಿ ಬಳೆ ಮೇಲೆ ಸರಿಸಿ ಮಗ್ಗಿನಿಂದ ನೀರು ಹಾಕುವ ಸದ್ದು ಮಾತ್ರ ಕೇಳುತ್ತಿತ್ತು. ಹೋಗಿ ನೋಡಿದರೆ ಯಾರೂ ಇಲ್ಲ, ಮಣ್ಣು ಒಣಗಿ ಬಿರಿದಿರುತ್ತಿತ್ತು. ನಾನು ನೀರು ಹಾಕಿ ಬರುತ್ತಿದ್ದೆ.

ಕೊನೆಗೆ ಆ ಸದ್ದು ಸಹಿಸಲಾಗದೆ, ಕೊಟ್ಟೇಬಿಡೋಣವೆಂದು ಕುಂಡವನ್ನು ರಿಕ್ಷಾದಲ್ಲಿಟ್ಟು ವರ್ತಕ ನಗರದ ನರ್ಸರಿಗೆ ಒಯ್ದೆ.

“ಯೇ ಛೋಡೋ ಶೇಠ್, ಫೂಲ್‌ವಾಲಾ ಲೇ ಜಾವೋ,” ಎಂದ ನರ್ಸರಿಯವನು. ಇದನ್ನು ಕೊಟ್ಟು, ಮೇಲೆ ಒಂದಿಷ್ಟು ಹಣ ಕೊಟ್ಟರೆ ಹೂವಿದ್ದ ಗಿಡ ನನ್ನದಂತೆ. ಬಾಯಿ ತಾನಾಗಿ ಚೌಕಾಸಿಗೆ ಇಳಿಯಿತು. ಹಣವೇ ಬೇಡವೆನ್ನುವವರೆಗೆ ಅವನನ್ನು ಇಳಿಸಿದೆ. ಅವನು ಒಪ್ಪಿದ ಕೂಡಲೇ ನನಗೆ ಹೆದರಿಕೆಯಾಯಿತು. ಇದನ್ನು ಇಲ್ಲಿ ಬಿಟ್ಟರೆ, ಆ ಬಳೆಯ ಸದ್ದು ಆಮೇಲೆ ನಮ್ಮ ಮನೆಗೆ ಯಾಕೆ ಬಂದೀತು?

“ಬೇಡ,” ಎಂದು ಕುಂಡ ಎತ್ತಿಕೊಂಡೆ.

“ಟೈಂಪಾಸ್ ಕರ್ನೇ ಆತೇ ಹೋ ಕ್ಯಾ?” ಎಂದು ಅವನು ಹೊತ್ತು ಹಾಳುಮಾಡಿದ್ದಕ್ಕೆ ಹಿಂದಿನಿಂದ ಬೈದ.

ವಾಪಸು ಬರುವಾಗ ಸುಡುಬಿಸಿಲು, ಸಮುದ್ರದ ಖಾಡಿ ದಾಟುವ ಸೇತುವೆಯ ಮೇಲೆ ಟ್ರಾಫಿಕ್. ಎಲೆಗಳೆಲ್ಲ ಜೋತುಬಿದ್ದವು. ಕೊನೆಯ ವಾರ ಹೆಂಡತಿಯ ಕೈ ಮಂಚದಿಂದ ಹೀಗೆಯೇ ಜೋತಿತ್ತು. ಮನೆಗೆ ಬಂದು ಕುಂಡವನ್ನು ಬಚ್ಚಲಿನ ತಂಪಿನಲ್ಲಿಟ್ಟು, ಚೆನ್ನಾಗಿ ನೀರುಣಿಸಿ, ಹೊಸ್ತಿಲಲ್ಲೇ ಕೂತೆ. ಸಂಜೆಯ ಹೊತ್ತಿಗೆ ಎಲೆಗಳು ಒಂದೊಂದಾಗಿ ತಲೆ ಎತ್ತಿದವು.

“ಎದ್ದೆಯಾ?” ಎಂದೆ.

“ಪಪ್ಪಾ, ಕಿಸ್‌ಸೇ ಬಾತ್ ಕರ್ ರಹೇ ಹೋ?” ಯಾರ ಹತ್ತಿರ ಮಾತೆಂದು ಒಳಗಿನಿಂದ ಮಗಳು ಕೇಳಿದಳು.

ಗಿಡದ ಹತ್ತಿರ ಎನ್ನಬೇಕೆಂದಿದ್ದೆ. “ನಿನ್ನ ಅಮ್ಮನ ಹತ್ತಿರ,” ಎಂದುಬಿಟ್ಟೆ.

ಅವಳು ನಗಲಿಲ್ಲ. ಬಂದು ಪಕ್ಕದಲ್ಲಿ ಕೂತಳು.