ಗಾಡಿ ಬಂದಾಗ ಮಾತ್ರ ಹಾಡುತ್ತಿದ್ದವರು

ಕಳೆದ ವಾರ ಮೊಮ್ಮಗಳ ಗಂಟಲು ಕಟ್ಟಿತು. ಜ್ವರವಿಲ್ಲ, ನೆಗಡಿಯಿಲ್ಲ, ದನಿ ಮಾತ್ರ ಒಡಕು ಪೀಪಿಯ ಹಾಗೆ. ಮಗಳು ಡಾಕ್ಟರಿಗೆ ಫೋನ್ ಹಚ್ಚುವ ಮೊದಲೇ ನಾನು ಚಪ್ಪಲಿ ಮೆಟ್ಟಿ ಮಲಾಡ್ ಸ್ಟೇಷನ್ ಹೊರಗಿನ ಗಂಧಿಗೆ ಅಂಗಡಿಗೆ ಹೋಗಿ ಜ್ಯೇಷ್ಠಮಧು ಕೇಳಿದೆ. ಅಂಗಡಿಯವನು ಬರಣಿಯ ಮುಚ್ಚಳ ತಿರುಗಿಸಿದ. ಆ ಕಡ್ಡಿಗಳ ಸಿಹಿ ಮಣ್ಣಿನಂಥ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮಲಾಡಿನಲ್ಲಿ ಇರಲಿಲ್ಲ. ಮುಲುಂಡಿನಲ್ಲಿ, ಹಳಿಯ ಪಕ್ಕದ ಬಿಲ್ಡಿಂಗಿನ ಆ ಸಣ್ಣ ಕೋಣೆಯಲ್ಲಿ, ಹಾರ್ಮೋನಿಯಂ ಎದುರು ಚಕ್ಕಳಮಕ್ಕಳ ಹಾಕಿ ಕೂತಿದ್ದೆ. "ಮೌಸೀ, ಕಿತನಾ ದೂಂ?" ಎಷ್ಟು ಕೊಡಲಿ ಎಂದು ಅಂಗಡಿಯವನು ಎರಡೆರಡು ಸಲ ಕೇಳಬೇಕಾಯಿತು.

ಅಕ್ಕೋರು ಯಾವಾಗಲೂ ಈ ಕಡ್ಡಿಯ ಚೂರೊಂದನ್ನು ದವಡೆಯಲ್ಲಿ ಇಟ್ಟುಕೊಂಡಿರುತ್ತಿದ್ದರು. ನಮ್ಮ ವಿಜಯಪುರದ ಕಡೆ ಕಲಿಸುವ ಹೆಂಗಸರನ್ನು ಅಕ್ಕೋರು ಎಂದೇ ಕರೆಯುತ್ತೇವೆ. ಅವರು ನನಗೆ ಹಾಡು ಕಲಿಸಿದ ಅಕ್ಕೋರು. ನನಗೆ ಹಾಡು ಕಲಿಸುವುದೆಂದರೆ ಸುಮ್ಮನೆ ಮಾತಲ್ಲ, ಅದನ್ನು ಮೊದಲು ಹೇಳಿಬಿಡುತ್ತೇನೆ.

ನನ್ನದು ದಪ್ಪ ದನಿ. ಫೋನಿನಲ್ಲಿ ಹಲೋ ಎಂದರೆ ಇವತ್ತಿಗೂ ಬ್ಯಾಂಕಿನ ಹುಡುಗಿಯರು "ಸರ್" ಅನ್ನುತ್ತಾರೆ. ಚಿಕ್ಕಂದಿನಲ್ಲಿ ಮನೆಯಲ್ಲಿ ಆರತಿಯಾಗಲಿ, ತೊಟ್ಟಿಲಾಗಲಿ, ಹಾಡು ಎತ್ತುವವಳು ನಮ್ಮ ಸೋದರತ್ತೆ. ಆಕೆಯ ದನಿ ಸೂಜಿಯಂತೆ ಸಣ್ಣ, ಎತ್ತರ. ಹೆಂಗಸರೆಲ್ಲ ಆ ಎತ್ತರಕ್ಕೇ ಹೋಗಬೇಕು. ನಾನೂ ಹೋಗಲು ನೋಡುತ್ತಿದ್ದೆ, ಅರ್ಧದಲ್ಲಿ ದನಿ ಸೀಳುತ್ತಿತ್ತು, ಎಲ್ಲರೂ ಕಿಸಕ್ಕನೆ ನಗುತ್ತಿದ್ದರು. "ನೀ ಸುಮ್ನ ತಾಟ ಹಿಡ್ಕೊಂಡ ನಿಂದ್ರವಾ, ಹಾಡೂದು ನಮಗ ಬಿಡು" ಎಂದಳು ಅತ್ತೆ. ಆವತ್ತು ಹಿಡಿದ ಆರತಿ ತಾಟನ್ನು ನಾನು ಮದುವೆಯಾಗಿ ವಿಕ್ರೋಳಿಗೆ ಬಂದ ಮೇಲೂ ಕೆಳಗಿಡಲಿಲ್ಲ. ಯಾರ ಮನೆಯ ಕಾರ್ಯಕ್ಕೆ ಹೋದರೂ ತಾಟು ನನ್ನ ಕೈಗೆ, ಬಾಯಿಗೆ ಬೀಗ.

ಹಾಗೆ ನೋಡಿದರೆ ಮುಂಬಯಿಯಲ್ಲಿ ಹಾಡುವವರೂ ಕಡಿಮೆಯಾದರು. "ಯಾರರೆ ಒಂದ್ ಹಾಡ ಹೇಳ್ರಿ" ಎಂದರೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಕೊನೆಗೆ ಯಾರೋ ಮೊಬೈಲ್ ತೆಗೆಯುತ್ತಾರೆ. ನಮ್ಮ ಪೈಕಿಯ ಒಂದು ಸೀಮಂತದಲ್ಲಿ ಆರತಿ ಹಾಡಿನ ನಟ್ಟನಡುವೆ ಬಾತ್‌ರೂಮ್ ತೊಳೆಯುವ ಲಿಕ್ವಿಡ್‌ನ ಜಾಹೀರಾತು ಬಂತು. ಅದು ಮುಗಿಯುವವರೆಗೆ ನಾವೆಲ್ಲ ತಾಟು ಹಿಡಿದು ಗೊಂಬೆಗಳಂತೆ ನಿಂತೆವು. ನಗು ತಡೆಯಲಾಗಲಿಲ್ಲ ನಿಜ, ಆದರೆ ಮನೆಗೆ ಬಂದು ನೆನೆದಾಗ ನಗು ಬರಲಿಲ್ಲ.

ನನ್ನ ಮಗಳೂ ಆ ಸೀಮಂತದಲ್ಲಿ ಇದ್ದಳು. ತಾನು ಬಸುರಾದ ಹೊಸತರಲ್ಲಿ ಒಂದು ಸಂಜೆ ನನ್ನ ಪಕ್ಕ ಬಂದು ಕೂತು, "ಅಮ್ಮಾ, ನನ್ನ ಬೇಬಿದು ತೊಟ್ಟಿಲ ಫಂಕ್ಷನ್‌ಗೆ ಸ್ಪೀಕರ್ ಮತ್ ಲಗಾನಾ. ನೀ ಹಾಡು. ಪ್ಲೀಸ್" ಎಂದಳು. ಕನ್ನಡದಲ್ಲಿ ನಾಲ್ಕು ಮಾತು ನೆಟ್ಟಗೆ ಆಡದ ಹುಡುಗಿ! ಅವಳಿಗೆ ನಮ್ಮ ಮನೆಯ ತೊಟ್ಟಿಲ ಹಾಡು ಬೇಕಂತೆ, ಅದೂ ನನ್ನ ಬಾಯಿಂದ. ಹೂಂ ಎಂದುಬಿಟ್ಟೆ.

ಇವರಿಗೆ ಹೇಳಿದೆ. "ಈ ವಯಸ್ಸಿನ್ಯಾಗ ಸಂಗೀತನಾ? ಕಲಿ ಕಲಿ. ಮನ್ಯಾಗ ಪ್ರಾಕ್ಟೀಸ್ ಮಾತ್ರ ಬ್ಯಾಡ ನೋಡು" ಎಂದು ಮತ್ತೆ ಪೇಪರಿನೊಳಗೆ ಮುಖ ಹಾಕಿದರು.

ಪಕ್ಕದ ಮನೆಯವರು ಅಕ್ಕೋರ ವಿಳಾಸ ಕೊಟ್ಟರು. ಧಾರವಾಡದ ಕಡೆಯವರು, ಗಂಡ ತೀರಿಕೊಂಡಿದ್ದಾರೆ, ಒಬ್ಬರೇ ಇರುತ್ತಾರೆ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕಲಿಸುತ್ತಾರೆ ಎಂದರು. ಹೋದೆ. ಮೊದಲನೆಯ ಮಾಳಿಗೆ, ಕಿಟಕಿಯ ಕೆಳಗೇ ಸೆಂಟ್ರಲ್ ಲೈನ್. ಲೋಕಲ್ ಬಂದರೆ ಗೋಡೆಯ ಮೇಲಿನ ಕ್ಯಾಲೆಂಡರ್ ಅಲುಗಾಡುತ್ತಿತ್ತು. ಇಂಥ ಸಂತೆಯಲ್ಲಿ ಸಂಗೀತವೇ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅಕ್ಕೋರು ಬಡಕಲು ಹೆಂಗಸು, ಬಿಳಿ ತುರುಬು, ಕಣ್ಣು ಮಾತ್ರ ಚುರುಕು. "ಏನ್ ಬರ್ತದ ಅದನ್ನ ಹಾಡು" ಎಂದರು. ನಾನು ಕಣ್ಣು ಮುಚ್ಚಿ ತೊಟ್ಟಿಲ ಹಾಡು ಎತ್ತಿದೆ. ಎರಡನೆಯ ಸಾಲಿಗೆ ದನಿ ಸೀಳಿತು.

"ಇದು ಯಾರ ದನಿ?" ಎಂದರು.

"ನಂದರೀ..."

"ನಿಂದಲ್ಲ. ಯಾರ ಹಂಗ ಹಾಡ್ಲಿಕ್ಕೆ ಹೊಂಟೀದಿ?"

ಸೋದರತ್ತೆಯ ಸಂಗತಿ ಹೇಳಿದೆ.

"ಆಕಿ ಎಲ್ಲಿದ್ದಾಳ ಈಗ?"

"ತೀರ್ಕೊಂಡಾರ್ರಿ."

"ಮತ್ತ ಆಕಿ ಪಟ್ಟಿ ಒಳಗ ನೀ ಯಾಕ ಒದ್ದಾಡ್ತಿ?"

ಹಾರ್ಮೋನಿಯಂ ಪೇಟಿಯ ಕಪ್ಪು ಬಿಳಿ ಮನೆಗಳಲ್ಲಿ ಒಂದನ್ನು ತನ್ನ ಸ ಎಂದು ಹಿಡಿದು ಹಾಡಬೇಕು, ಅದೇ ಅವರವರ ಪಟ್ಟಿ. ಬಲಕ್ಕೆ ಹೋದಷ್ಟೂ ದನಿ ಎತ್ತರ, ಎಡಕ್ಕೆ ಬಂದಷ್ಟೂ ತಗ್ಗು. ಇದನ್ನು ಆವತ್ತಿನವರೆಗೆ ನನಗೆ ಯಾರೂ ಹೇಳಿರಲಿಲ್ಲ. ಅಕ್ಕೋರು ಒಂದು ಮನೆ ಒತ್ತಿ ಆ ಎನ್ನಲು ಹೇಳಿದರು, ತಲೆಯಾಡಿಸಿದರು, ಬೆರಳನ್ನು ಎಡಕ್ಕೆ ಸರಿಸಿದರು. ಮತ್ತೆ ಆ ಎಂದೆ, ಮತ್ತೆ ಎಡಕ್ಕೆ. ಹೀಗೆ ಸರಿಸುತ್ತ ಸರಿಸುತ್ತ ಒಂದು ಕಡೆ ಬಂದಾಗ ನನ್ನ ದನಿ ತಾನಾಗಿಯೇ ತೆರೆದುಕೊಂಡಿತು... ಗಂಟಲು ಹಿಂಡಲಿಲ್ಲ, ಕುತ್ತಿಗೆ ಬಿಗಿಯಲಿಲ್ಲ. ನನಗೇ ಗಾಬರಿಯಾಯಿತು.

"ಇದು ಗಂಡಸರ ಪಟ್ಟಿ ಅಲ್ಲೇನ್ರೀ?" ಎಂದೆ.

"ಪೇಟಿಗೆ ಗಂಡಸು ಹೆಂಗಸು ಏನ್ ಗೊತ್ತವಾ? ನಿಂದು ಇಲ್ಲಿ ಅದ. ಇಲ್ಲೇ ಹಾಡು."

ನಾನು ಅಳುತ್ತ ಕೂತೆ. ಅವರು ಒಂದು ಚೂರು ಜ್ಯೇಷ್ಠಮಧು ಕೊಟ್ಟು, ಅಗಿದು ರಸ ನುಂಗು ಎಂದರು.

ಪಟ್ಟಿ ಸಿಕ್ಕ ಮಾತ್ರಕ್ಕೆ ಧೈರ್ಯ ಸಿಗುವುದಿಲ್ಲವಲ್ಲ. ಅದಕ್ಕೆ ಅವರು ರೈಲನ್ನು ಇಟ್ಟುಕೊಂಡಿದ್ದರು. "ಗಾಡಿ ಬಂತಂದ್ರ ನಿಂದರಬ್ಯಾಡ. ಆವಾಗ ಯಾರಿಗೂ ಕೇಳಸಂಗಿಲ್ಲ, ನನಗೂ ಕೇಳಸಂಗಿಲ್ಲ. ಬೇಕಾದಷ್ಟ ತಪ್ಪ ಹಾಡು, ಬಾಯಿ ತುಂಬ ಹಾಡು" ಎನ್ನುತ್ತಿದ್ದರು. ಗಡಗಡ ಸದ್ದು ಹತ್ತಿರವಾದ ಹಾಗೆ ನಾನು ಗಂಟಲು ಬಿಚ್ಚುತ್ತಿದ್ದೆ. ರೈಲು ದಾಟಿ ಹೋಗುತ್ತಿತ್ತು, ಕೋಣೆಯಲ್ಲಿ ನನ್ನ ದನಿಯೊಂದೇ ಉಳಿಯುತ್ತಿತ್ತು. ಮೊದಮೊದಲು ಅದನ್ನು ಕೇಳಿ ಕಳ್ಳಿಯಂತೆ ತಟ್ಟನೆ ನಿಲ್ಲಿಸುತ್ತಿದ್ದೆ. ಬರಬರುತ್ತ ಒಂದು ಸಾಲು ಮುಂದುವರಿಸಿದೆ, ಆಮೇಲೆ ಎರಡು. ಮನೆಯಲ್ಲಿ ರೈಲಿಲ್ಲವಾದ್ದರಿಂದ ಮಿಕ್ಸರ್ ಹಚ್ಚಿ ಹಾಡುತ್ತಿದ್ದೆ. ಆ ದಿನಗಳಲ್ಲಿ ಇವರು ತಿಂದಷ್ಟು ಚಟ್ನಿಯನ್ನು ಯಾವ ಗಂಡನೂ ತಿಂದಿರಲಿಕ್ಕಿಲ್ಲ.

ಅಕ್ಕೋರು ಮಾತ್ರ ಹಾಡುತ್ತಿರಲಿಲ್ಲ. ಎಲ್ಲವನ್ನೂ ಪೇಟಿ ನುಡಿಸಿ, ಕೈಯನ್ನು ಗಾಳಿಯಲ್ಲಿ ಏರಿಸಿ ಇಳಿಸಿ ತೋರಿಸುತ್ತಿದ್ದರು. ಆದರೆ ರೈಲು ಬಂದಾಗ ಕಿಟಕಿಯ ಕಡೆ ತಿರುಗುತ್ತಿದ್ದರು, ಮತ್ತು ಆಗ ಅವರ ತುಟಿ ಅಲುಗಾಡುತ್ತಿತ್ತು, ಕುತ್ತಿಗೆಯ ನರ ಉಬ್ಬುತ್ತಿತ್ತು. ಗಾಡಿ ದಾಟಿತೋ, ಬಾಯಿ ಮುಚ್ಚಿತೋ. ಹಾಡುತ್ತಿದ್ದರು! ನನ್ನ ಎದುರಿಗೇ ಕೂತು, ನನಗೆ ಕೇಳಿಸದ ಹಾಗೆ.

ಸಲುಗೆ ಬೆಳೆದ ಮೇಲೆ ಒಂದು ದಿನ ಕೇಳಿಯೇಬಿಟ್ಟೆ. ಚಹಾ ಸೋಸುತ್ತ ಹೇಳಿದರು. ಹರೆಯದಲ್ಲಿ ಅವರು ಕಾರ್ಯಕ್ರಮಗಳಲ್ಲಿ ಹಾಡುತ್ತಿದ್ದರಂತೆ. ಹುಡುಗಿಯ ದನಿ ಸಣ್ಣಗೆ, ಎತ್ತರಕ್ಕೆ ಇದ್ದರೇನೇ ಜನ ಮೆಚ್ಚುತ್ತಿದ್ದರು. ಪೇಟಿ ನುಡಿಸುತ್ತಿದ್ದ ಗಂಡನೇ ಆ ಪಟ್ಟಿ ಗೊತ್ತುಮಾಡಿದ್ದರು. ವರ್ಷಗಟ್ಟಲೆ ಅಲ್ಲಿಯೇ ಹಾಡಿ ಹಾಡಿ, ಒಂದು ಸಂಜೆ ತುಂಬಿದ ಸಭೆಯ ಎದುರು ದನಿ ಒಡೆಯಿತು. ಮುಂದಿನ ಸಾಲಿನವರು ನಕ್ಕರು. ಅಲ್ಲಿಂದ ಮುಂದೆ ಯಾರ ಎದುರಿಗೂ ಬಾಯಿ ತೆರೆದಿಲ್ಲ.

"ನಂದು ನಿನ್ನಷ್ಟು ತಗ್ಗಲ್ಲ, ಅವರು ಹೇಳಿದಷ್ಟು ಎತ್ತರನೂ ಅಲ್ಲ. ನಡುವ ಎಲ್ಲೋ ಇತ್ತು. ನನಗ ಯಾರೂ ಬೆರಳು ಸರಿಸಲಿಲ್ಲವಾ" ಎಂದರು. ಚಹಾ ಆರ್ತದ ಕುಡಿ ಎಂದರು. ನಾನು ಕುಡಿದೆ.

ಅವರ ದನಿಯನ್ನು ನಾನು ಕೇಳಿದ್ದು ಒಂದೇ ಸಲ. ಆವತ್ತು ಮಧ್ಯಾಹ್ನ ಲೋಕಲ್ ಬಂತು, ಅಕ್ಕೋರು ಎಂದಿನಂತೆ ಕಿಟಕಿಗೆ ತಿರುಗಿದರು. ಗಾಡಿ ಸಿಗ್ನಲ್ ಸಿಗದೆ ಗಕ್ಕನೆ ನಮ್ಮ ಕಿಟಕಿಯ ಕೆಳಗೇ ನಿಂತುಬಿಟ್ಟಿತು. ಸದ್ದು ನಿಂತಿತು, ಅವರ ಹಾಡು ನಿಲ್ಲಲಿಲ್ಲ. ಅಯ್ಯೋ ಶಿವನೇ, ಆ ದನಿ! ಸ್ವಲ್ಪ ಒರಟು, ಅಂಚಿನಲ್ಲಿ ನಡುಕ, ಆದರೆ ತುಂಬಿದ ಕೊಡದ ಹಾಗೆ ತೂಕವಾಗಿತ್ತು. ಲೇಡೀಸ್ ಡಬ್ಬಿಯ ಬಾಗಿಲಲ್ಲಿ ನಿಂತಿದ್ದ ಹೆಂಗಸರು ತಲೆಯೆತ್ತಿ ನೋಡಿದರು. ಒಬ್ಬಳು ಕೈಯೆತ್ತಿ "ವಾಹ್ ಮಾವಶೀ!" ಎಂದು ಕೂಗಿದಳು. ಅಕ್ಕೋರು ಬೆಚ್ಚಿಬಿದ್ದು ಪರದೆ ಎಳೆದರು. ಮುಖವೆಲ್ಲ ಕೆಂಪಾಗಿತ್ತು. ಆದರೆ ಸಿಟ್ಟಿನಿಂದಲ್ಲ, ಅದು ನನಗೆ ಖಂಡಿತ ಗೊತ್ತು.

ಆ ಧೈರ್ಯದ ಮೇಲೆಯೇ ಕೇಳಿದೆ. "ಅಕ್ಕೋರ, ತೊಟ್ಟಿಲ ದಿವಸ ನೀವೂ ನನ್ನ ಜೋಡಿ ಹಾಡಬೇಕ್ರಿ. ನನ್ನ ಹಿಂದ ನಿಂತ ಹಾಡ್ರಿ ಸಾಕು." ಅವರು ಬಹಳ ಹೊತ್ತು ಪೇಟಿಯ ಮೇಲಿನ ಧೂಳು ಒರೆಸಿದರು. "ನೋಡೂಣು" ಎಂದರು.

ಬಂದರು. ಹೊಸ ಇಳಕಲ್ ಸೀರೆ, ತುರುಬಿಗೆ ಅಬ್ಬಲಿಗೆ. ದವಡೆಯಲ್ಲಿ ಜ್ಯೇಷ್ಠಮಧು. "ಮುಂಜಾನಿಂದ ಅಗೀಲಿಕ್ಕೆ ಹತ್ತೀನಿ" ಎಂದು ಕಿವಿಯಲ್ಲಿ ಹೇಳಿದರು. ಮಲಾಡಿನ ಸೊಸೈಟಿಯ ಹಾಲ್, ಗಾಜಿನ ಕಿಟಕಿ, ಎಸಿ. ಅಳಿಯ ಯಾವುದಕ್ಕೂ ಇರಲಿ ಎಂದು ಮೂಲೆಯಲ್ಲಿ ಬ್ಲೂಟೂತ್ ಸ್ಪೀಕರ್ ತಂದಿಟ್ಟಿದ್ದ. ನಾನು ಅದನ್ನೊಮ್ಮೆ ದುರುಗುಟ್ಟಿ ನೋಡಿ, ಆರತಿ ತಾಟನ್ನು ಬೀಗಿತ್ತಿಯ ಕೈಗೆ ಕೊಟ್ಟೆ. ಮಗು ತೊಟ್ಟಿಲಲ್ಲಿ ಕಣ್ಣು ಬಿಟ್ಟು ಮಲಗಿತ್ತು. ನನ್ನ ಪಟ್ಟಿಯಲ್ಲಿ, ನನ್ನ ದಪ್ಪ ದನಿಯಲ್ಲಿ ಹಾಡು ಎತ್ತಿದೆ. ಮೊದಲ ಸಾಲು ನಡುಗಿತು. ಮನಸ್ಸಿನೊಳಗೆ ಒಂದು ರೈಲು ಬಿಟ್ಟೆ, ಎರಡನೆಯ ಸಾಲಿಗೆ ಗಂಟಲು ಬಿಚ್ಚಿತು. ಯಾರೂ ನಗಲಿಲ್ಲ. ಮಗಳು ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು.

ಹಿಂದಿನಿಂದ ಮಾತ್ರ ಯಾವ ದನಿಯೂ ಬರಲಿಲ್ಲ. ಪಲ್ಲವಿಗೆ ಮರಳುವಾಗ ತಿರುಗಿ ನೋಡಿದೆ. ಅಕ್ಕೋರು ಬಾಯಿ ತೆರೆದಿದ್ದರು, ಕುತ್ತಿಗೆಯ ನರ ಉಬ್ಬಿತ್ತು, ಏನೋ ಹುಡುಕುವವರ ಹಾಗೆ ಹುಬ್ಬು ಗಂಟಿಕ್ಕಿತ್ತು. ಆಮೇಲೆ ಮೆಲ್ಲಗೆ ಬಾಯಿ ಮುಚ್ಚಿದರು. ನನ್ನನ್ನು ನೋಡಿ ನಕ್ಕು, ಮುಂದ ಹಾಡು ಎಂದು ಕೈ ಮಾಡಿದರು.

ಲಿಫ್ಟಿನಲ್ಲಿ ಇಳಿಯುವಾಗ ಯಾಕ್ರೀ ಅಕ್ಕೋರ ಎಂದೆ. "ಏನ್ ಮಾಡ್ಲಿವಾ, ನಿಮ್ಮ ಈ ಹಾಲ್‌ನ್ಯಾಗ ಗಾಡಿ ಬರಂಗಿಲ್ಲಲ್ಲಾ" ಎಂದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಈ ಮಾತನ್ನು ಎಷ್ಟು ಜನರ ಎದುರು ಹೇಳಿ ನಗಿಸಿದ್ದೇನೋ ನನಗೇ ಗೊತ್ತಿಲ್ಲ.

ಆಮೇಲೆ ಮುಲುಂಡಿನ ಆ ಬಿಲ್ಡಿಂಗ್ ಕೆಡವಿ ಹೊಸದು ಕಟ್ಟಲು ತೆಗೆದುಕೊಂಡರು. ಅಕ್ಕೋರು ಧಾರವಾಡಕ್ಕೆ ತಂಗಿಯ ಮನೆಗೆ ಹೋದರು. ಫೋನಿನಲ್ಲಿ "ಹಾಡ್ಲಿಕತ್ತಿ ಇಲ್ಲೋ?" ಎಂಬುದೇ ಅವರ ಮೊದಲ ಪ್ರಶ್ನೆ. ನಿಮಗ ಹೆಂಗದ ಎಂದರೆ, "ಇಲ್ಲಿ ಭಾಳ ಸಪ್ಪಳಿಲ್ಲವಾ" ಎನ್ನುತ್ತಿದ್ದರು. ಒಂದು ದಿನ ಫೋನ್ ಎತ್ತಿದ ತಂಗಿ, "ಅಕ್ಕ ಹೋದ್ಲರೀ" ಎಂದರು...

ಇವರ ರಿಟೈರ್‌ಮೆಂಟ್ ಆದ ಮೇಲೆ ನಾವೂ ಮಲಾಡಿಗೆ, ಮಗಳ ಹತ್ತಿರ ಬಂದೆವು. ಈಗ ಈ ಕಡೆ ಯಾರ ಮನೆಯಲ್ಲಿ ತೊಟ್ಟಿಲಿದ್ದರೂ ಹಾಡಲು ನನ್ನನ್ನೇ ಕರೆಯುತ್ತಾರೆ. ಹೋಗುತ್ತೇನೆ, ಜಂಬದಿಂದಲೇ ಹಾಡುತ್ತೇನೆ. ಆ ತೊಟ್ಟಿಲ ಕೂಸೇ ಈ ಮೊಮ್ಮಗಳು, ಈಗ ಶಾಲೆಗೆ ಹೋಗುತ್ತಾಳೆ. ಈಚೆಗೆ ಆ ಹಾಡು ತನಗೂ ಬೇಕೆಂದು ಹಟ ಹಿಡಿದಿದ್ದಾಳೆಂದು ದಿನಾ ಸಂಜೆ ಪೇಟಿಯ ಮುಂದೆ ಕೂರಿಸಿಕೊಳ್ಳುತ್ತಿದ್ದೆ.

ಅಂಗಡಿಯಿಂದ ಬಂದು ಜ್ಯೇಷ್ಠಮಧು ಕುದಿಸಿ ಕುಡಿಸಿದೆ. ಎರಡು ದಿನಕ್ಕೆ ದನಿ ಬಂತು. ಮತ್ತೆ ಪೇಟಿ ತೆಗೆದು ನನ್ನ ಪಟ್ಟಿಯ ಮನೆಯ ಮೇಲೆ ಬೆರಳಿಟ್ಟೆ. ಹುಡುಗಿ ಮುಖ ಸಿಂಡರಿಸಿದಳು.

"ಅಜ್ಜೀ, ನಿಂದು ಬಹುತ್ ನೀಚೆ ಹೈ. ಅಲ್ಲಿ ಹಾಡಿದ್ರೆ ನಂಗೆ ಗಲಾ ದುಖತಾ ಹೈ."

ನನ್ನ ತಗ್ಗಿನ ಪಟ್ಟಿಯಲ್ಲಿ ಹಾಡಿ ಅವಳ ಗಂಟಲು ನೋಯುತ್ತಿತ್ತು. ಗಂಟಲು ಕಟ್ಟಿದ್ದು ಯಾಕೆಂದು ಆಗ ತಿಳಿಯಿತು. ಅದರ ಬೆನ್ನಿಗೇ, ಆ ಹಾಲಿನಲ್ಲಿ ಅಕ್ಕೋರು ಬಾಯಿ ತೆರೆದು ಮುಚ್ಚಿದ್ದು ಯಾಕೆಂಬುದೂ ತಿಳಿಯಿತು. ಮುಂಜಾನೆಯಿಂದ ಕಡ್ಡಿ ಅಗಿದು, ಹೂ ಮುಡಿದು, ಅಷ್ಟು ವರ್ಷಗಳ ಮೇಲೆ ಹಾಡಲು ಬಂದವರನ್ನು ನಾನು ನನ್ನ ಪಟ್ಟಿಯೊಳಗೆ ನಿಲ್ಲಿಸಿದ್ದೆ. ಗಂಡನದಾಯಿತು, ಸಭೆಯದಾಯಿತು, ಕೊನೆಗೆ ನನ್ನದು. ಅವರು ರೈಲಿನ ಮೇಲೆ ಹಾಕಿ ನಗಿಸಿ ನನ್ನನ್ನು ಉಳಿಸಿದರು.

ಹುಡುಗಿಗಾಗಿ ಬೆರಳನ್ನು ಬಲಕ್ಕೆ ಸರಿಸುತ್ತ ಹೋದೆ. ಒಂದು ಕಡೆ ಅವಳ ದನಿ ಗಂಟೆಯ ಹಾಗೆ ನಿಂತಿತು. ಹಾಡಿ ಆಡಲು ಓಡಿದಳು. ನಾನು ಒಬ್ಬಳೇ ಕೂತು, ನನ್ನ ಪಟ್ಟಿಗೂ ಸೋದರತ್ತೆಯ ಪಟ್ಟಿಗೂ ನಡುವಿನ ಒಂದೊಂದು ಮನೆಯನ್ನೂ ಒತ್ತಿ ನೋಡಿದೆ. ಸಿಗ್ನಲ್ಲಿಗೆ ಗಾಡಿ ನಿಂತ ಮಧ್ಯಾಹ್ನದ ಆ ದನಿ ಇವುಗಳಲ್ಲಿ ಯಾವುದರ ಮೇಲೆ ಕೂತಿತ್ತು? ಒತ್ತಿದ್ದೆಲ್ಲ ಅದೇ ಅನಿಸುತ್ತದೆ, ಮರುಗಳಿಗೆಗೆ ಯಾವುದೂ ಅಲ್ಲ ಅನಿಸುತ್ತದೆ. ನಡುವ ಎಲ್ಲೋ ಇತ್ತು ಎಂದು ಅವರು ಬಾಯಿಬಿಟ್ಟು ಹೇಳಿದ್ದರು. ಎಲ್ಲಿ ಅಂತ ನಾನು ಕೇಳಿದ್ದರೆ ತೋರಿಸುತ್ತಿದ್ದರು. ಬೆರಳು ಸರಿಸಲು ಅಷ್ಟೊತ್ತಿಗೆ ನನಗೂ ಬರುತ್ತಿತ್ತು.