ಹೆಟ್ಟಿ ಆಫೀಸರ್ ಹೆಂಡತಿ ಅಲ್ಲ

“ಇವತ್ತು ನಾನು ಕಾನ್ಸಾಸ್‌ನಲ್ಲಿದ್ದೀನಿ” ಎಂದಳು ಅಚಿಯೆಂಗ್.

ಅವಳು ಕೂತಿದ್ದದ್ದು ನನ್ನ ಡೈನಿಂಗ್ ಟೇಬಲ್ ಮುಂದೆ. ನೈರೋಬಿಯ ಸೌತ್ ಸಿ ಬಡಾವಣೆಯಲ್ಲಿ, ಮೂರನೇ ಮಹಡಿಯ ಫ್ಲ್ಯಾಟಿನಲ್ಲಿ, ನಾನು ಮಾಡಿಕೊಟ್ಟ ಒಗ್ಗರಣೆ ಅವಲಕ್ಕಿಯನ್ನು ಪಕ್ಕದಲ್ಲಿಟ್ಟುಕೊಂಡು.

ಅಚಿಯೆಂಗ್ ನಮ್ಮ ಕೆಳಗಿನ ಮನೆಯ ಹುಡುಗಿ. ಇತಿಹಾಸದಲ್ಲಿ ಡಿಗ್ರಿ ಮಾಡಿದ್ದಾಳೆ. ಕರೆಂಟ್ ಹೋದಾಗಲೆಲ್ಲ ಲ್ಯಾಪ್‌ಟಾಪ್ ಎತ್ತಿಕೊಂಡು ಮೇಲೆ ಬರುತ್ತಾಳೆ. ನಮ್ಮಲ್ಲಿ ಇನ್ವರ್ಟರ್ ಇದೆ. (ಇನ್ವರ್ಟರ್ ಇರುವ ಮನೆಗೆ ನೆಂಟರು ಜಾಸ್ತಿ. ಇದು ಬೆಂಗಳೂರಿನಲ್ಲೂ ನಿಜ, ಇಲ್ಲೂ ನಿಜ.)

ಅವಳ ಕೆಲಸ ಏನು ಗೊತ್ತಾ? ಕಾನ್ಸಾಸ್‌ನಂಥ ಅಮೆರಿಕದ ರಾಜ್ಯಗಳ ಸಣ್ಣ ಸಣ್ಣ ಊರುಗಳ ಬಗ್ಗೆ ಒಂದು ವೆಬ್‌ಸೈಟಿಗೆ ಬರೆಯುವುದು. ಊರು ಎಲ್ಲಿದೆ, ಪಕ್ಕದಲ್ಲಿ ಯಾವ ಹೊಳೆ, ಜನ ಎಷ್ಟು, ಹೆಸರು ಹೇಗೆ ಬಂತು. ದಿನಕ್ಕೆ ನಾಲ್ಕು ಊರು. ಅಮೆರಿಕ ಹಾಗಿರಲಿ, ಅವಳು ಇನ್ನೂ ವಿಮಾನವನ್ನೇ ಹತ್ತಿಲ್ಲ. ಪುಟದ ಕೆಳಗೆ ಬರೆದವರ ಹೆಸರು ‘ಎಮಿಲಿ’ ಎಂದು ಬರುತ್ತದೆ. ಓದುವವರಿಗೆ ಪಕ್ಕದೂರಿನವರು ಬರೆದ ಹಾಗೆ ಅನ್ನಿಸಬೇಕಂತೆ.

ನನಗೇನೂ ಇದು ವಿಚಿತ್ರ ಅನ್ನಿಸಲಿಲ್ಲ. ಮೈಸೂರಿನಲ್ಲಿ ಹದಿಮೂರು ವರ್ಷ ಭೂಗೋಳ ಪಾಠ ಮಾಡಿದವಳು ನಾನು. ಕಣ್ಣಲ್ಲಿ ನೋಡದ ನದಿಗಳನ್ನು ದಿನವೂ ಸ್ನಾನ ಮಾಡಿ ಬಂದವಳ ಹಾಗೆ ಬೋರ್ಡಿನ ಮೇಲೆ ಎಳೆದಿದ್ದೇನೆ.

ಆದರೆ ಅವತ್ತು ಅಚಿಯೆಂಗ್ ಅವಲಕ್ಕಿ ಮುಟ್ಟಲಿಲ್ಲ. ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು.

ಒಂದು ಇಮೇಲ್. ಬರೆದವರು ಜೋನ್ ಎಂಬ ವೃದ್ಧೆ. ಊರು ಹೆಟ್ಟಿಸ್ ಫೋರ್ಡ್. ಫೋರ್ಡ್ ಅಂದರೆ ನದಿಯನ್ನು ನಡೆದೇ ದಾಟಬಹುದಾದ, ಆಳ ಕಡಿಮೆ ಇರುವ ಜಾಗ. (ನಿಮಗೆ ಕಾರು ನೆನಪಾದರೆ ತಪ್ಪೇನಿಲ್ಲ, ನನಗೂ ಆಗಿತ್ತು.) ಅಚಿಯೆಂಗ್ ಆ ಊರಿನ ಬಗ್ಗೆ ಬರೆದು ತಿಂಗಳಾಗಿತ್ತು. ಹೆಟ್ಟಿ ಎಂಬಾಕೆ ರೈಲ್ವೆ ಆಫೀಸರ್ ಒಬ್ಬರ ಹೆಂಡತಿ, ಅವಳ ಹೆಸರನ್ನೇ ಊರಿಗೆ ಇಟ್ಟರು ಎಂದು ಬರೆದಿದ್ದಳು. ಬೇರೆ ಎರಡು ವೆಬ್‌ಸೈಟುಗಳಲ್ಲೂ ಹಾಗೇ ಇತ್ತು.

ಜೋನ್ ಬರೆದಿದ್ದರು: “ಎಮಿಲಿ, ಹೆಟ್ಟಿ ಯಾವ ಆಫೀಸರ್ ಹೆಂಡತಿಯೂ ಅಲ್ಲ. ಅವಳು ನನ್ನ ತಾಯಿಯ ಅಜ್ಜಿ. ದಯವಿಟ್ಟು ಸರಿ ಮಾಡಿ. ನನ್ನ ನಂಬರ್ ಕೊಟ್ಟಿದ್ದೇನೆ.”

ಕಂಪನಿಯ ನಿಯಮ ಎರಡು. ಓದುಗರ ಜೊತೆ ಮಾತಾಡಬಾರದು. ಎಲ್ಲಿದ್ದೀರಿ ಅಂತ ಹೇಳಬಾರದು.

“ಬಿಟ್ಟುಬಿಡು” ಎಂದೆ ನಾನು. “ಮುನ್ನೂರು ಜನವೂ ಇಲ್ಲದ ಊರು. ಅದರ ಹೆಸರು ಹೇಗೆ ಬಂದರೆ ಯಾರಿಗೇನು? ಕೆಲಸ ಕಳಕೋಬೇಡ.”

ಅಚಿಯೆಂಗ್ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡಳು. ಆಮೇಲೆ ಹೇಳಿದಳು, “ಆಂಟಿ, ನಮ್ಮಜ್ಜಿಯ ಊರಲ್ಲಿ ಅಷ್ಟು ಜನವೂ ಇಲ್ಲ.”

ನಾನು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದೆ. ಇನ್ನೇನು ಮಾಡಲಿ?

ಮರುದಿನ ಸಂಜೆ ಐದಕ್ಕೆ ಅವಳು ಮತ್ತೆ ಬಂದಳು. ಕರೆಂಟ್ ಇತ್ತು. ಆದರೂ ಬಂದಳು. “ಅಲ್ಲಿ ಈಗ ಬೆಳಗ್ಗೆ ಒಂಬತ್ತು. ಫೋನ್ ಮಾಡ್ತೀನಿ. ನೀವು ಪಕ್ಕದಲ್ಲಿ ಕೂತಿರಿ” ಎಂದಳು.

ವಿಡಿಯೋ ಕಾಲ್. ತೆಳ್ಳಗಿನ ಮುಖ, ಮೂಗಿನ ತುದಿಯಲ್ಲಿ ಕನ್ನಡಕ. ಜೋನ್ ಇವಳನ್ನು ನೋಡಿದರು, ನನ್ನನ್ನು ನೋಡಿದರು. ಇಬ್ಬರಲ್ಲಿ ಯಾರೂ ಎಮಿಲಿಯ ಹಾಗೆ ಕಾಣಲಿಲ್ಲ ಅನ್ನಿಸುತ್ತದೆ.

“ನೀವು ಎಲ್ಲಿಂದ ಮಾತಾಡ್ತಿರೋದು?”

ಅಚಿಯೆಂಗ್ ಕೈ ಮೇಜಿನ ಕೆಳಗೆ ನನ್ನ ಕೈಯನ್ನು ಹಿಡಿದುಕೊಂಡಿತ್ತು. “ನೈರೋಬಿ. ಕೀನ್ಯಾ. ನನ್ನ ಹೆಸರು ಎಮಿಲಿ ಅಲ್ಲ, ಅಚಿಯೆಂಗ್.”

ಜೋನ್ ಕನ್ನಡಕ ಮೇಲೇರಿಸಿಕೊಂಡರು. ಬೈಯುತ್ತಾರೆ ಅಂದುಕೊಂಡೆ. ನಾನಾಗಿದ್ದರೆ ಬೈಯುತ್ತಿದ್ದೆ. ನಮ್ಮೂರಿನ ಬಗ್ಗೆ ನಮ್ಮೂರನ್ನೇ ನೋಡದವರು ಬರೆದರೆ ನಮಗೆ ಎಷ್ಟು ಕೋಪ ಬರುತ್ತದೆ?

“ಹಾಗಾದರೆ ನಮ್ಮ ನೀರಿನ ಟ್ಯಾಂಕ್‌ಗೆ ನೀಲಿ ಬಣ್ಣ ಅಂತ ನಿನಗೆ ಹೇಗೆ ಗೊತ್ತಾಯ್ತು?”

“ಸ್ಯಾಟಲೈಟ್ ಫೋಟೋ ನೋಡಿದೆ.”

“ಟ್ಯಾಂಕಿನ ಹಿಂದೆ ಒಂದು ಕೆಂಪು ಸೂರು ಇದೆಯಾ?”

ಅಚಿಯೆಂಗ್ ಹುಡುಕಿದಳು. “ಇದೆ.”

“ಅದೇ ನನ್ನ ಮನೆ” ಎಂದು ಜೋನ್ ನಕ್ಕರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು ಕತೆ ಶುರುಮಾಡಿದರು.

ಹೆಟ್ಟಿ ವಿಧವೆ. ಹೊಳೆ ದಂಡೆಯ ಮೇಲೆ ಬಟ್ಟೆ ಒಗೆದು ಬದುಕುತ್ತಿದ್ದವಳು. ನೀರೊಳಗೆ ಎಲ್ಲಿ ಗಟ್ಟಿ ನೆಲ, ಎಲ್ಲಿ ಕೆಸರು ಎಂದು ಅವಳ ಕಾಲಿಗೆ ಗೊತ್ತಿತ್ತು. ಗಾಡಿ ಕಟ್ಟಿಕೊಂಡು ಬಂದವರ ಮುಂದೆ ಸೊಂಟದ ತನಕ ನೀರಿಗಿಳಿದು, ಹಗ್ಗ ಹಿಡಿದು ದಾರಿ ತೋರಿಸುತ್ತಿದ್ದಳು. ಜನ ‘ಹೆಟ್ಟಿ ದಾಟಿಸುವ ಜಾಗ’ ಎನ್ನುತ್ತಿದ್ದರು. ಹೆಸರಾಯಿತು. ಆಮೇಲೆ ರೈಲು ಬಂತು. ಸ್ಟೇಷನ್ನಿನ ಕಾಗದಪತ್ರ ಬರೆದ ಆಫೀಸರ್ ಹೆಂಡತಿಯ ಹೆಸರೂ ಸುಮಾರು ಅದೇ ಆಗಿತ್ತು. ಅಷ್ಟು ಸಾಕಾಯಿತು. ಕಾಗದದಲ್ಲಿ ಉಳಿದದ್ದು ಆ ಹೆಂಡತಿ.

ಜೋನ್ ಹೆಟ್ಟಿಯ ಒಂದು ಹಳೇ ಫೋಟೋ ತೋರಿಸಿದರು. ಅದರ ಹಿಂಬದಿಗೆ ಪೆನ್ಸಿಲಿನಲ್ಲಿ ನಾಲ್ಕು ಸಾಲು, ಇದೇ ಕತೆ. ಅವರ ತಾಯಿ ಬರೆದಿಟ್ಟದ್ದು. “ಇದು ಗೊತ್ತಿರೋಳು ಈಗ ನಾನೊಬ್ಬಳೇ. ಮಕ್ಕಳಿಲ್ಲ ನನಗೆ” ಎಂದರು. ಅಳಲಿಲ್ಲ. ಅಂಗಡಿಗೆ ಹೋಗಬೇಕು ಅನ್ನುವ ಧಾಟಿಯಲ್ಲೇ ಹೇಳಿದರು.

ಅಚಿಯೆಂಗ್ ಪುಟ ತಿದ್ದಿದಳು. ಕಂಪನಿಯವರು ಅಳಿಸಿದರು. ಮನೆಯವರ ನೆನಪು ಆಧಾರ ಆಗುವುದಿಲ್ಲ ಎಂದರು. ಅವಳು ಫೋಟೋ ಸಮೇತ ಮತ್ತೆ ಹಾಕಿದಳು. ಮತ್ತೆ ಅಳಿಸಿದರು. ಮೂರನೇ ಸಲ ಅವಳ ಲಾಗಿನ್ನೇ ತೆರೆಯಲಿಲ್ಲ.

ಕೆಲಸ ಹೋಯಿತು. ನಾನು ಹೇಳಿದ್ದೆ ಅಲ್ವಾ ಅನ್ನುವ ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಎರಡು ವಾರ ಅವಳು ನಗರದ ನಡುವಿನ ಆಫೀಸುಗಳಿಗೆ ಮಟಾಟು ವ್ಯಾನುಗಳಲ್ಲಿ ಅಲೆದಳು. ಈಗ ಒಂದು ಶಾಲೆಯಲ್ಲಿ ಇತಿಹಾಸ ಹೇಳಿಕೊಡುತ್ತಿದ್ದಾಳೆ. ಸಂಬಳ ಮೊದಲಿಗಿಂತ ಕಡಿಮೆ. “ಸವಾ, ಪರವಾಗಿಲ್ಲ ಆಂಟಿ” ಎನ್ನುತ್ತಾಳೆ. ಪೂರ್ತಿ ಪರವಾಗಿಲ್ಲ ಅಂತ ನನಗೇನೂ ಅನ್ನಿಸುವುದಿಲ್ಲ.

ಕಳೆದ ವಾರ ಜೋನ್ ಒಂದು ಫೋಟೋ ಕಳಿಸಿದ್ದರು. ಅವರೂರಿನ ಲೈಬ್ರರಿಯ ಗೋಡೆ, ಅದರ ಮೇಲೆ ಟೈಪ್ ಮಾಡಿದ ಒಂದು ಹಾಳೆ. ಹೆಟ್ಟಿಯ ಕತೆ. ಕೊನೆಯಲ್ಲಿ, ‘ಬರೆದುಕೊಂಡವರು: ಅಚಿಯೆಂಗ್, ನೈರೋಬಿ’. ಅಚಿಯೆಂಗ್ ಅದನ್ನು ದೊಡ್ಡದು ಮಾಡಿ, ಸಣ್ಣದು ಮಾಡಿ ನೋಡಿದಳು. ಅಮೆರಿಕದ ನೂರಾರು ಊರುಗಳ ಬಗ್ಗೆ ಬರೆದವಳ ಸ್ವಂತ ಹೆಸರು ಅಲ್ಲಿ ಕಾಣಿಸಿದ್ದು ಅದೊಂದೇ ಹಾಳೆಯಲ್ಲಿ.

ಅವತ್ತೇ ಅಚಿಯೆಂಗ್ ಕೊಟ್ಟಿದ್ದ ವಿಳಾಸ ನೋಡಿ ಜೋನ್ ಕೇಳಿದ್ದರು, “ಸೌತ್ ಸಿ ಅಂದರೇನು? ಆ ‘ಸಿ’ ಅಕ್ಷರ ಯಾಕೆ?”

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಒಂಬತ್ತು ವರ್ಷದಿಂದ ಇಲ್ಲಿದ್ದೇನೆ. ಭೂಗೋಳದ ಟೀಚರ್ ಬೇರೆ.

ಮರುದಿನ ಇಬ್ಬರೂ ಕೆಳಗಿನ ದಿನಸಿ ಅಂಗಡಿಗೆ ಹೋದೆವು. ಅಂಗಡಿಯ ಯಜಮಾನರು ಗುಜರಾತಿ, ಹುಟ್ಟಿ ಬೆಳೆದದ್ದೆಲ್ಲ ನೈರೋಬಿಯಲ್ಲೇ. ಅವರು ಬೇಳೆ ತೂಗುತ್ತಲೇ ಹೇಳಿದರು: “ಬ್ರಿಟಿಷರು ಮ್ಯಾಪ್ ಮೇಲೆ ಗೆರೆ ಎಳೆದು ಎ, ಬಿ, ಸಿ ಅಂತ ಗುರುತು ಹಾಕಿರಬೇಕು. ಎಲ್ಲರೂ ಹಾಗೇ ಹೇಳ್ತಾರೆ.”

“ಅದಕ್ಕೆ ಮುಂಚೆ ಇಲ್ಲಿ ಏನಿತ್ತು?” ಎಂದೆ.

“ಏನೂ ಇರಲಿಲ್ಲ. ಖಾಲಿ ಜಾಗ. ಇಡೀ ನೈರೋಬಿಯೇ ರೈಲು ಬರೋ ತನಕ ಖಾಲಿ.”

ಸರಿ ಎಂದು ತಲೆಯಾಡಿಸಿದೆ. ನಾನೂ ಪುಸ್ತಕದಲ್ಲಿ ಹಾಗೇ ಓದಿದ್ದೆ. ಪಕ್ಕದಲ್ಲಿದ್ದ ಅಚಿಯೆಂಗ್ ಮಾತ್ರ ತಲೆಯಾಡಿಸಲಿಲ್ಲ. ಮೆಟ್ಟಿಲು ಹತ್ತುವಾಗ ಮೆಲ್ಲಗೆ ಕೇಳಿದಳು, “ಆಂಟಿ, ನೈರೋಬಿ ಅನ್ನೋದು ಮಸಾಯಿ ಜನರ ಮಾತು. ತಣ್ಣೀರು ಅಂತ ಅರ್ಥ. ಖಾಲಿ ಜಾಗದಲ್ಲಿ ಆ ನೀರು ಕುಡಿದು, ತಣ್ಣಗಿದೆ ಅಂದವರು ಯಾರು?”